ಭೀಮೆಯ ನೀರಿನಲ್ಲಿ ನೈಟ್ರೇಟ್: ಒಂದು ಮೂಲಶೋಧದ ಚರಿತ್ರೆ

1

ಪುಣೆ ನಗರದ ನಡುವೆ ಮುಳಾ ಮತ್ತು ಮುಠಾ ನದಿಗಳು ಕೂಡುತ್ತವೆ. ಕೂಡಿದ ಹೊಳೆ ಪೂರ್ವಕ್ಕೆ ಹರಿದು ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯವನ್ನೂ ಪಂಢರಪುರವನ್ನೂ ದಾಟಿ ಸೊಲ್ಲಾಪುರದ ಸೀಮೆಗೆ ಬರುತ್ತದೆ. ಅಲ್ಲಿ ಸೀನಾ ನದಿ ಅದನ್ನು ಕೂಡುವ ಸ್ಥಳಕ್ಕೆ ಕೂಡಲ ಎಂದೇ ಹೆಸರು. ಆಡಳಿತದ ಗಡಿಗಿಂತ ಮೊದಲೇ ಕನ್ನಡದ ಗಡಿ ಆರಂಭವಾಗುತ್ತದೆ ಎಂಬುದಕ್ಕೆ ಈ ಹೆಸರೊಂದೇ ಸಾಕು. ಮುಂದೆ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗದ್ದೆಗಳನ್ನು ತಣಿಸಿ ಭೀಮೆಯು ಕೃಷ್ಣೆಯಲ್ಲಿ ಲೀನವಾಗುತ್ತದೆ. ಹೀಗೆ ಪುಣೆಯಲ್ಲಿ ಹೊಳೆಗೆ ಬಿಟ್ಟದ್ದು, ಬಾರಾಮತಿ ಇಂದಾಪುರಗಳ ಕಬ್ಬಿನ ಗದ್ದೆಗಳಲ್ಲಿ ಬಸಿದದ್ದು, ಅಕ್ಕಲಕೋಟೆ ಅಫಜಲಪುರಗಳ ಕೊಟ್ಟಿಗೆಗಳಿಂದ ಇಂಗಿದ್ದು ಎಲ್ಲವೂ ಒಂದೇ ಜಲಾನಯನದ ಪಾಲಾಗುತ್ತವೆ.

ಈ ನೀರಿನಲ್ಲಿ ಕಾಣಿಸಿಕೊಳ್ಳುವ ನೈಟ್ರೇಟ್ ಎಂಬ ಲವಣಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂಗಿಂತ ಹೆಚ್ಚು ನೈಟ್ರೇಟ್ ಇರಬಾರದೆಂದು ಭಾರತೀಯ ಮಾನಕ ವಿಧಿಸುತ್ತದೆ. 2024ರ ಡಿಸೆಂಬರ್ ಕೊನೆಯಲ್ಲಿ ಪ್ರಕಟವಾದ ಕೇಂದ್ರ ಅಂತರ್ಜಲ ಮಂಡಳಿಯ ವರದಿಯ ಪ್ರಕಾರ ದೇಶದ ಅಂತರ್ಜಲ ಮಾದರಿಗಳಲ್ಲಿ ಸುಮಾರು ಶೇ. 20ರಷ್ಟು ಈ ಮಿತಿಯನ್ನು ಮೀರಿದ್ದವು. ರಾಜಸ್ಥಾನದಲ್ಲಿ ಈ ಪ್ರಮಾಣ ಶೇ. 49, ಕರ್ನಾಟಕದಲ್ಲಿ ಶೇ. 48, ಮಹಾರಾಷ್ಟ್ರದಲ್ಲಿ ಸುಮಾರು ಶೇ. 36. ಅಂದರೆ ಭೀಮೆ ಹುಟ್ಟುವ ರಾಜ್ಯ ಮತ್ತು ಅದು ಮುಗಿಯುವ ರಾಜ್ಯ ಎರಡೂ ಈ ಪಟ್ಟಿಯಲ್ಲಿ ಮುಂದಿವೆ.

ಪ್ರಮಾಣವನ್ನು ಅಳೆಯುವುದು ಇಂದು ಕಷ್ಟವಲ್ಲ. ಅದು ಎಲ್ಲಿಂದ ಬಂತು ಎಂಬುದೇ ಕಷ್ಟದ ಪ್ರಶ್ನೆ. ರೈತ ಹಾಕಿದ ರಸಗೊಬ್ಬರದಿಂದಲೇ, ದನದ ಕೊಟ್ಟಿಗೆಯಿಂದಲೇ, ಶೌಚಗುಂಡಿ ಮತ್ತು ನಗರದ ಚರಂಡಿಗಳಿಂದಲೇ, ಅಥವಾ ಮಣ್ಣಿನಲ್ಲಿ ಮೊದಲೇ ಇದ್ದ ಸಾರಜನಕದಿಂದಲೇ? ಉತ್ತರ ಬದಲಾದಂತೆ ದೋಷ ಹೊರಬೇಕಾದವರೂ ಬದಲಾಗುತ್ತಾರೆ, ಪರಿಹಾರಕ್ಕೆ ಹಣ ತೆರಬೇಕಾದವರೂ ಬದಲಾಗುತ್ತಾರೆ. ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಕಳೆದ ಐದು ದಶಕಗಳಿಂದ ಬಳಸುತ್ತಿರುವ ಸಾಧನವೇ ನೈಟ್ರೇಟಿನ ಸಮಸ್ಥಾನಿ ವಿಶ್ಲೇಷಣೆ. ಐಸೊಟೋಪುಗಳ ಈ ಪರೀಕ್ಷೆ ಬೆಳೆದುಬಂದ ಬಗೆಯನ್ನು ಪರಿಚಯಿಸುವುದು, ಹಾಗೂ ಊರಿನ ಚರಿತ್ರೆಯ ನೆರವಿಲ್ಲದೆ ಪ್ರಯೋಗಾಲಯದ ಉತ್ತರ ಅಪೂರ್ಣ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ನೈಟ್ರೇಟಿನ ಮೂಲವನ್ನು ಹುಡುಕಿದವರಲ್ಲಿ ಆಧುನಿಕ ರಸಾಯನಶಾಸ್ತ್ರಜ್ಞರು ಮೊದಲಿಗರಲ್ಲ. ಮದ್ದುಗುಂಡಿನ ಕಾಲದಲ್ಲಿ ಈ ಲವಣಕ್ಕೆ ಬೇರೆ ಬೆಲೆಯಿತ್ತು. ಕೋವಿಮದ್ದಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಪೊಟ್ಯಾಸಿಯಂ ನೈಟ್ರೇಟ್. ಉಳಿದದ್ದು ಇದ್ದಿಲು ಮತ್ತು ಗಂಧಕ. ಕನ್ನಡದಲ್ಲಿ ಇದಕ್ಕೆ ಪೆಟ್ಲುಪ್ಪು ಎಂಬ ಹೆಸರಿದೆ. ತಮಿಳು ಮಲೆಯಾಳಗಳಲ್ಲಿ ಇದು ವೆಡಿಯುಪ್ಪು, ಅಂದರೆ ಸಿಡಿಯುವ ಉಪ್ಪು. ಪಾರಸಿಯಿಂದ ಬಂದ ಶೋರಾ ಎಂಬ ಪದ ಹಿಂದಿಯಲ್ಲಿಯೂ ಸೋರಾ ಎಂಬ ರೂಪದಲ್ಲಿ ಮರಾಠಿಯಲ್ಲಿಯೂ ನೆಲೆಸಿದೆ. ಅದರ ಮೂಲಾರ್ಥ ಉಪ್ಪಿನಂಶಕ್ಕೆ, ಸವಳಿಗೆ ಸಂಬಂಧಿಸಿದ್ದು. ದ್ರಾವಿಡ ಭಾಷೆಗಳ ಈ ಹೆಸರುಗಳು ವಸ್ತುವಿನ ಬಳಕೆಯನ್ನು ಹೇಳಿದರೆ ಪಾರಸಿ ಮೂಲದ ಹೆಸರು ಅದರ ಗುಣವನ್ನು ಹೇಳುತ್ತದೆ. ಸಾರಜನಕಕ್ಕೆ ಯುರೋಪಿನಲ್ಲಿ ಬಂದ ನೈಟ್ರೋಜನ್ ಎಂಬ ಹೆಸರು ಕೂಡ ಇದೇ ಲವಣದಿಂದ ಬಂದದ್ದು. 1790ರಲ್ಲಿ ಫ್ರಾನ್ಸಿನ ಶಾಪ್ತಾಲ್ ಆ ಹೆಸರನ್ನು ಸೂಚಿಸಿದಾಗ ಪೆಟ್ಲುಪ್ಪನ್ನು ಹುಟ್ಟಿಸುವುದು ಎಂಬುದೇ ಅದರ ಅರ್ಥವಾಗಿತ್ತು.

ಪೆಟ್ಲುಪ್ಪು ತೆಗೆಯುವವರು ಮಣ್ಣನ್ನು ಎಲ್ಲಿಂದ ತರುತ್ತಿದ್ದರು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ಅವರು ಕಾಡಿನ ಮಣ್ಣನ್ನಾಗಲಿ ಹೊಸ ಹೊಲದ ಮಣ್ಣನ್ನಾಗಲಿ ಹುಡುಕಿ ಹೋಗುತ್ತಿರಲಿಲ್ಲ. ಹಳೆಯ ಮಣ್ಣಿನ ಗೋಡೆಗಳ ಬುಡ, ದನ ಕಟ್ಟುವ ಜಾಗ, ತಲೆಮಾರುಗಳಿಂದ ಜನ ವಾಸಿಸಿದ ಊರಿನ ನೆಲ, ಇವೇ ಅವರ ಗಣಿ. ಮಳೆಗಾಲ ಕಳೆದ ಮೇಲೆ ಅಂಥ ನೆಲದಲ್ಲಿ ಬಿಳಿಯ ಹುಡಿ ಮೇಲೇಳುತ್ತದೆ. ಅದನ್ನು ಕೆರೆದು ತಂದು, ನೀರಿನಲ್ಲಿ ಕದಡಿ ಬಸಿದು, ಕಟ್ಟಿಗೆಯ ಬೂದಿ ಬೆರೆಸಿ, ಕುದಿಸಿ ಆರಿಸಿದರೆ ಹರಳುಗಟ್ಟುತ್ತದೆ. ಮಣ್ಣಿನಲ್ಲಿರುವ ಕ್ಯಾಲ್ಸಿಯಂ ನೈಟ್ರೇಟನ್ನು ಬೂದಿಯ ಪೊಟ್ಯಾಷ್ ಪೊಟ್ಯಾಸಿಯಂ ನೈಟ್ರೇಟಾಗಿ ಮಾರ್ಪಡಿಸುತ್ತದೆ. ಬಿಹಾರದ ನೋನಿಯಾ ಸಮುದಾಯ ಈ ಕಸುಬಿಗೆ ಹೆಸರಾಗಿತ್ತು. ದಕ್ಷಿಣದಲ್ಲಿ ಸವಳು ಮಣ್ಣಿನಿಂದ ಉಪ್ಪು ತೆಗೆಯುವ ಕಸುಬು ಉಪ್ಪಾರ ಎಂಬ ಸಮುದಾಯದ ಹೆಸರಿನಲ್ಲಿಯೇ ಉಳಿದುಕೊಂಡಿದೆ.

ಭೀಮಾ ಕಣಿವೆಗೂ ಮದ್ದಿಗೂ ಇರುವ ನಂಟು ಹಳೆಯದು. ಬಿಜಾಪುರದ ಆದಿಲಶಾಹಿಗಳಿಗೂ ಅಹಮದನಗರದ ನಿಜಾಮಶಾಹಿಗಳಿಗೂ ನಡುವೆ ಸೊಲ್ಲಾಪುರದ ಕೋಟೆ ಬಹುಕಾಲ ವ್ಯಾಜ್ಯದ ವಸ್ತುವಾಗಿತ್ತು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ತೋಪು ಇಂದು ಬಿಜಾಪುರದ ಕೋಟೆಯ ಮೇಲಿದೆ. ಅಂಥ ತೋಪುಗಳ ಹೊಟ್ಟೆ ತುಂಬಲು ಬೇಕಾದ ಮದ್ದಿನಲ್ಲಿ ಹೆಚ್ಚಿನ ಪಾಲು ಯಾವುದೋ ಊರಿನ ನೆಲದಿಂದ ಕೆರೆದ ಉಪ್ಪೇ. ನಂತರದ ಮೈಸೂರಿನ ರಾಕೆಟ್ಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯೊಂದರಲ್ಲಿ ಟಿಪ್ಪುವಿನ ಕಾಲದವೆನ್ನಲಾದ 1000ಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ದೊರೆತವು. ಬಾವಿಯೊಂದರೊಳಗೆ ನೈಟ್ರೇಟ್ ಸೇರಲು ಎಷ್ಟು ಬಗೆಯ ದಾರಿಗಳಿರಬಹುದೆಂಬುದಕ್ಕೆ ಇದೊಂದು ಅಪರೂಪದ ಉದಾಹರಣೆ.

ಮರಾಠಿ ಸೀಮೆಯಲ್ಲಿ ಊರಿನ ನೆಲವನ್ನು ಎರಡಾಗಿ ಹೇಳುವ ರೂಢಿಯಿದೆ. ಬೇಸಾಯದ ಕಪ್ಪು ನೆಲ ಕಾಳೀ. ಜನ ನೆಲೆಸಿದ ಬಿಳಿಯ ನೆಲ ಪಾಂಢರೀ. ಹಾಳಾದ ಹಳೆಯ ಊರಿನ ಪಾಂಢರೀ ಮಣ್ಣನ್ನು ರೈತರು ಗೊಬ್ಬರವಾಗಿ ಹೊಲಕ್ಕೆ ಸಾಗಿಸುತ್ತಿದ್ದುದು ಪುರಾತತ್ತ್ವಜ್ಞರಿಗೆ ಚಿರಪರಿಚಿತವಾದ ಸಂಗತಿ, ಏಕೆಂದರೆ ಅನೇಕ ಪ್ರಾಚೀನ ನೆಲೆಗಳು ಅದರಿಂದ ನಾಶವಾಗಿವೆ. ಪೆಟ್ಲುಪ್ಪಿನವರು ಮತ್ತು ರೈತರು ಇಬ್ಬರೂ ಒಂದೇ ಸತ್ಯವನ್ನು ಬಲ್ಲವರಾಗಿದ್ದರು: ಮನುಷ್ಯರೂ ದನಕರುಗಳೂ ಬಹುಕಾಲ ವಾಸಿಸಿದ ಜಾಗದಲ್ಲಿ ನೆಲ ಈ ಲವಣವನ್ನು ಕೂಡಿಸಿಕೊಳ್ಳುತ್ತದೆ.

3

ಹತ್ತೊಂಬತ್ತನೆಯ ಶತಮಾನದಲ್ಲಿ ಚಿಲಿ ದೇಶದ ನೈಟ್ರೇಟ್ ಜಗತ್ತಿನ ಮಾರುಕಟ್ಟೆಗೆ ಬಂದ ಮೇಲೆ ಊರ ಮಣ್ಣಿನ ಉಪ್ಪಿಗೆ ಬೇಡಿಕೆ ಕುಗ್ಗಿತು. 1909ರಲ್ಲಿ ಫ್ರಿಟ್ಸ್ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಪಡೆಯುವ ಕ್ರಮವನ್ನು ತೋರಿಸಿದನು. 1913ರಲ್ಲಿ ಜರ್ಮನಿಯಲ್ಲಿ ಅದು ಕಾರ್ಖಾನೆಯ ಉತ್ಪಾದನೆಯಾಯಿತು. ನಮ್ಮಲ್ಲಿ ಮೈಸೂರಿನ ಸಮೀಪದ ಬೆಳಗೊಳದ ಕಾರ್ಖಾನೆ ಸ್ವಾತಂತ್ರ್ಯಪೂರ್ವದಲ್ಲಿಯೇ ಅಮೋನಿಯಂ ಸಲ್ಫೇಟ್ ತಯಾರಿಸಿತು. 1951ರಲ್ಲಿ ಸಿಂದ್ರಿಯ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಹಸಿರು ಕ್ರಾಂತಿಯ ನಂತರ ಯೂರಿಯಾ ಹಳ್ಳಿ ಹಳ್ಳಿಗೆ ತಲುಪಿತು.

ಪುಣೆಯ ಸುತ್ತ ಈ ಬದಲಾವಣೆಯ ಇನ್ನೆರಡು ಎಳೆಗಳಿವೆ. ಮೊದಲನೆಯದು ನೀರಾವರಿ. 1880ರ ದಶಕದಲ್ಲಿ ನೀರಾ ನದಿಯ ಎಡದಂಡೆ ಕಾಲುವೆ ಹರಿದ ಮೇಲೆ ಒಣಭೂಮಿಯಾಗಿದ್ದ ಪೂರ್ವದ ಸೀಮೆಗೆ ಕಬ್ಬು ಬಂತು. ಕಬ್ಬಿನೊಂದಿಗೆ ಹೆಚ್ಚು ನೀರು, ಹೆಚ್ಚು ಗೊಬ್ಬರ ಬಂದವು. ಎರಡನೆಯದು ನಗರ. ಹದಿನೆಂಟನೆಯ ಶತಮಾನದ ನಡುವೆ ಪೇಶ್ವೆ ನಾನಾಸಾಹೇಬನ ಕಾಲದಲ್ಲಿ ಕಾತ್ರಜದ ಕೆರೆಯಿಂದ ನೆಲದಡಿಯ ಕಾಲುವೆಯ ಮೂಲಕ ಪುಣೆಯ ಪೇಟೆಗಳ ಹೌದುಗಳಿಗೆ ನೀರು ಬರುತ್ತಿತ್ತು. 1870ರ ದಶಕದಲ್ಲಿ ಖಡಕವಾಸಲಾ ಅಣೆಕಟ್ಟು ಎದ್ದಿತು. ನಗರ ಬೆಳೆದಂತೆ ಒಳಗೆ ಬಂದ ನೀರೆಲ್ಲ ಮಲಿನವಾಗಿ ಮತ್ತೆ ಮುಠೆಗೇ ಇಳಿಯತೊಡಗಿತು.

ಈ ಲವಣ ಕುಡಿಯುವ ನೀರಿನ ದೋಷವೆಂದು ವೈದ್ಯಶಾಸ್ತ್ರಕ್ಕೆ ಸ್ಪಷ್ಟವಾದದ್ದು 1945ರಲ್ಲಿ. ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ, ಬಾವಿಯ ನೀರಿನಲ್ಲಿ ಬೆರೆಸಿದ ಹಾಲು ಕುಡಿದ ಹಸುಗೂಸುಗಳ ಮೈ ನೀಲಿಗಟ್ಟಿದ ಪ್ರಕರಣಗಳನ್ನು ವರದಿ ಮಾಡಿದನು. ನೈಟ್ರೇಟ್ ದೇಹದಲ್ಲಿ ನೈಟ್ರೈಟಾಗಿ ಮಾರ್ಪಟ್ಟು ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿಯನ್ನು ಕುಂದಿಸುತ್ತದೆ. ಒಂದು ಕಾಲದಲ್ಲಿ ರಾಜ್ಯಗಳು ಹುಡುಕಿ ಸಂಗ್ರಹಿಸುತ್ತಿದ್ದ ವಸ್ತು ಹೀಗೆ ತೊಟ್ಟಿಲ ಕೂಸಿಗೆ ಅಪಾಯಕಾರಿಯೆಂದು ಗುರುತಾಯಿತು.

4

ಒಂದೇ ಧಾತುವಿನ ಪರಮಾಣುಗಳಲ್ಲಿ ತೂಕದ ಭೇದ ಇರಬಹುದೆಂಬ ವಿಚಾರಕ್ಕೆ 1913ರಲ್ಲಿ ಫ್ರೆಡರಿಕ್ ಸಾಡಿ ಐಸೊಟೋಪ್ ಎಂಬ ಹೆಸರನ್ನು ಬಳಸಿದನು. ಈ ಗ್ರೀಕ್ ಪದವನ್ನು ಸೂಚಿಸಿದವಳು ಸ್ಕಾಟ್ಲೆಂಡಿನ ವೈದ್ಯೆ ಮಾರ್ಗರೆಟ್ ಟಾಡ್. ಆವರ್ತಕೋಷ್ಟಕದಲ್ಲಿ ಒಂದೇ ಸ್ಥಾನದಲ್ಲಿರುವವು ಎಂಬುದು ಅದರ ಅರ್ಥ. ಕನ್ನಡದ ಸಮಸ್ಥಾನಿ ಎಂಬ ಪದ ಅದಕ್ಕೆ ನಿಕಟವಾಗಿದೆ. ಭಾರದ ಸಾರಜನಕ-15 ಹಾಗೂ ಆಮ್ಲಜನಕ-18 ಎರಡೂ 1929ರಲ್ಲಿ ಪತ್ತೆಯಾದವು. ಗಾಳಿಯ ಸಾರಜನಕದಲ್ಲಿ ಸುಮಾರು 273 ಪರಮಾಣುಗಳಿಗೆ ಒಂದು ಮಾತ್ರ ಭಾರದ್ದು. ಈ ಪ್ರಮಾಣದ ಅಲ್ಪ ವ್ಯತ್ಯಾಸವನ್ನು ನಿಖರವಾಗಿ ಅಳೆಯಬಲ್ಲ ದ್ರವ್ಯರಾಶಿ ರೋಹಿತಮಾಪಕವನ್ನು ಆಲ್‌ಫ್ರೆಡ್ ನೀರ್ 1940ರ ದಶಕದಲ್ಲಿ ರೂಪಿಸಿದನು.

ಗಾಳಿಯ ಸಾರಜನಕವನ್ನು ಸೊನ್ನೆ ಎಂದು ಹಿಡಿದು ಉಳಿದವುಗಳನ್ನು ಸಾವಿರಕ್ಕೆ ಇಷ್ಟು ಹೆಚ್ಚು ಅಥವಾ ಕಡಿಮೆ ಎಂದು ಹೇಳುವುದು ಈ ಕ್ಷೇತ್ರದ ರೂಢಿ. ರಸಗೊಬ್ಬರ ಗಾಳಿಯಿಂದಲೇ ತಯಾರಾಗುವುದರಿಂದ ಅದರ ಮೌಲ್ಯ ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಸಗಣಿ, ಗಂಜಲ, ಮಲಮೂತ್ರಗಳ ವಿಷಯ ಬೇರೆ. ಅವು ಕೊಳೆಯುವಾಗ ಅಮೋನಿಯಾ ಆವಿಯಾಗಿ ಹಾರಿಹೋಗುತ್ತದೆ. ಹಗುರವಾದ ಸಾರಜನಕ ಬೇಗ ಹೋಗುತ್ತದೆ, ಭಾರದ್ದು ಹೆಚ್ಚಾಗಿ ಉಳಿಯುತ್ತದೆ. ಉಳಿದದ್ದು ನೈಟ್ರೇಟಾಗಿ ಬಾವಿ ಸೇರಿದಾಗ ಅದರ ಮೌಲ್ಯ ಸಾಮಾನ್ಯವಾಗಿ ಸಾವಿರಕ್ಕೆ 10ರಿಂದ 20ರವರೆಗೆ ಏರಿರುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟೇ ಈ ಪ್ರತ್ಯೇಕೀಕರಣದ ಕುರುಹು.

1971ರಲ್ಲಿ ಕೋಲ್, ಶಿಯರರ್ ಮತ್ತು ಬ್ಯಾರಿ ಕಾಮನರ್ ಎಂಬ ಸಂಶೋಧಕರು ಇಲಿನಾಯ್ ರಾಜ್ಯದ ಜೋಳದ ಸೀಮೆಯಲ್ಲಿ ಹರಿಯುವ ಸ್ಯಾಂಗಮನ್ ನದಿಯ ನೈಟ್ರೇಟಿನಲ್ಲಿ ಅರ್ಧಕ್ಕಿಂತ ಹೆಚ್ಚು ರಸಗೊಬ್ಬರದಿಂದ ಬಂದದ್ದೆಂದು ಈ ಕ್ರಮದಿಂದ ಲೆಕ್ಕ ಹಾಕಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷವೇ ಅದೇ ಪತ್ರಿಕೆಯಲ್ಲಿ ಮಣ್ಣುವಿಜ್ಞಾನಿಗಳ ತಂಡವೊಂದು ಆಕ್ಷೇಪ ಎತ್ತಿತು. ಮಣ್ಣಿನೊಳಗೆ ಸಾರಜನಕ ಹಲವು ರೂಪಾಂತರಗಳನ್ನು ಹೊಂದುವುದರಿಂದ ಇಂಥ ಲೆಕ್ಕ ನಂಬತಕ್ಕದ್ದಲ್ಲ ಎಂಬುದು ಅವರ ವಾದ. 1975ರಲ್ಲಿ ಕ್ರೈಟ್ಲರ್ ಮತ್ತು ಜೋನ್ಸ್ ಟೆಕ್ಸಸ್ ರಾಜ್ಯದ ರನ್ನೆಲ್ಸ್ ಪ್ರಾಂತದ ಬಾವಿಗಳನ್ನು ಪರೀಕ್ಷಿಸಿ, ಅಲ್ಲಿನ ನೈಟ್ರೇಟಿಗೆ ಮುಖ್ಯ ಕಾರಣ ಗೊಬ್ಬರವಲ್ಲ, ಉಳುಮೆಯಿಂದಾಗಿ ಮಣ್ಣಿನಿಂದ ಬಿಡುಗಡೆಯಾದ ಹಳೆಯ ಸಾರಜನಕ ಎಂದು ತೋರಿಸಿದರು. ವಿಧಾನ ಒಂದೇ, ನೆಲ ಬೇರೆಯಾದಾಗ ತೀರ್ಮಾನವೂ ಬೇರೆಯಾಯಿತು. ಈ ವಿವಾದದ ಪಾಠವನ್ನು ನಾವು ಮರೆಯಬಾರದು.

1980ರ ದಶಕದ ಕೊನೆಯಲ್ಲಿ ಜರ್ಮನಿಯ ಸಂಶೋಧಕರು ನೈಟ್ರೇಟಿನ ಆಮ್ಲಜನಕವನ್ನೂ ಸೇರಿಸಿ ಅಳೆಯತೊಡಗಿದಾಗ ಒಂದು ಸಾಕ್ಷಿಯ ಜಾಗದಲ್ಲಿ ಎರಡು ಸಾಕ್ಷಿಗಳು ದೊರೆತವು. ಆದರೆ ಕೆಲಸ ಶ್ರಮದ್ದಾಗಿತ್ತು. ಹೆಚ್ಚು ಪ್ರಮಾಣದ ನೀರನ್ನು ರಾಳದ ಮೂಲಕ ಹಾಯಿಸಿ ನೈಟ್ರೇಟನ್ನು ಹಿಡಿದು, ಬೆಳ್ಳಿಯ ನೈಟ್ರೇಟಾಗಿ ಪರಿವರ್ತಿಸಬೇಕಿತ್ತು. 2001ರಲ್ಲಿ ಸಿಗ್ಮನ್ ಮತ್ತು ಸಹೋದ್ಯೋಗಿಗಳು ಈ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೆ ಒಪ್ಪಿಸಿದರು. ನೈಟ್ರೇಟನ್ನು ನೈಟ್ರಸ್ ಆಕ್ಸೈಡ್ ಅನಿಲದವರೆಗೆ ಮಾತ್ರ ತಂದು ನಿಲ್ಲಿಸುವ ಬಗೆಯ ಬ್ಯಾಕ್ಟೀರಿಯಾಗಳನ್ನು ಬಳಸಿ ಆ ಅನಿಲವನ್ನು ರೋಹಿತಮಾಪಕಕ್ಕೆ ಕಳಿಸುವ ಈ ಕ್ರಮದಲ್ಲಿ ಅತ್ಯಲ್ಪ ಮಾದರಿ ಸಾಕಾಗುತ್ತದೆ. 2005ರಲ್ಲಿ ಮೆಕಿಲ್ವಿನ್ ಮತ್ತು ಆಲ್ಟಬೆಟ್ ಕ್ಯಾಡ್ಮಿಯಂ ಹಾಗೂ ಅಜೈಡ್ ಬಳಸಿ ಇದೇ ಅನಿಲವನ್ನು ಪಡೆಯುವ ರಾಸಾಯನಿಕ ಮಾರ್ಗವನ್ನು ತೋರಿಸಿದರು. ಯಾವ ಮಾರ್ಗವಾದರೂ ಮೊದಲ ಎಚ್ಚರಿಕೆ ಬಾವಿಯ ಕಟ್ಟೆಯಲ್ಲಿಯೇ ಬೇಕು. ಮಾದರಿಯನ್ನು ಸೂಕ್ಷ್ಮವಾಗಿ ಸೋಸಿ ತಂಪಿನಲ್ಲಿ ಹೆಪ್ಪುಗಟ್ಟಿಸದಿದ್ದರೆ ಸೀಸೆಯೊಳಗಿನ ಸೂಕ್ಷ್ಮಜೀವಿಗಳು ಸಾಕ್ಷ್ಯವನ್ನೇ ಬದಲಿಸಿಬಿಡುತ್ತವೆ.

5

ಈ ಸಾಧನವನ್ನು ಭೀಮಾ ಕಣಿವೆಗೆ ಅನ್ವಯಿಸುವಾಗ ಮೂರು ತೊಡಕುಗಳನ್ನು ಗಮನಿಸಬೇಕಾಗುತ್ತದೆ.

ಮೊದಲನೆಯದು ಗೊಬ್ಬರದ ಬಗೆ. ನೈಟ್ರೇಟ್ ರೂಪದಲ್ಲಿಯೇ ತಯಾರಾದ ಗೊಬ್ಬರದ ಆಮ್ಲಜನಕ ಗಾಳಿಯದು. ಅದರ ಮೌಲ್ಯ ಎತ್ತರದಲ್ಲಿರುವುದರಿಂದ ಪತ್ತೆ ಸುಲಭ. ಆದರೆ ಭಾರತದಲ್ಲಿ ಬಳಕೆಯಾಗುವ ಸಾರಜನಕ ಗೊಬ್ಬರದಲ್ಲಿ ಬಹುಪಾಲು ಯೂರಿಯಾ. ಯೂರಿಯಾದಿಂದಲೂ ಸಗಣಿಯಿಂದಲೂ ನೈಟ್ರೇಟ್ ಉಂಟಾಗುವುದು ಮಣ್ಣಿನ ಸೂಕ್ಷ್ಮಜೀವಿಗಳಿಂದ. ಎರಡರಲ್ಲಿಯೂ ಆಮ್ಲಜನಕದ ಹೆಚ್ಚಿನ ಪಾಲು ಅಲ್ಲಿಯ ನೀರಿನದೇ. ಆದ್ದರಿಂದ ಇಲ್ಲಿ ಎರಡನೆಯ ಸಾಕ್ಷಿ ಈ ಭೇದವನ್ನು ಹೇಳಲಾರದು. ಎರಡನೆಯದು, ದನದ ಕೊಟ್ಟಿಗೆಯೂ ನಗರದ ಚರಂಡಿಯೂ ಸಾರಜನಕದ ಮೌಲ್ಯದಲ್ಲಿ ಹೆಚ್ಚುಕಡಿಮೆ ಒಂದೇ. ಮಾರ್ಜಕಗಳಿಂದ ಬರುವ ಬೋರಾನ್‌ನಂಥ ಬೇರೆ ಕುರುಹುಗಳ ನೆರವಿಲ್ಲದೆ ಅವುಗಳನ್ನು ಬೇರ್ಪಡಿಸುವುದು ಕಷ್ಟ. ಮೂರನೆಯದು, ನಿಂತ ನೀರಿನ ತಳದಲ್ಲಿ ಗಾಳಿಯಿಲ್ಲದ ಕಡೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಮತ್ತೆ ಅನಿಲವಾಗಿಸುತ್ತವೆ. ಆಗ ಉಳಿದ ನೈಟ್ರೇಟಿನಲ್ಲಿ ಭಾರದ ಪರಮಾಣುಗಳು ಹೆಚ್ಚುತ್ತವೆ. ಗೊಬ್ಬರದ ನೈಟ್ರೇಟ್ ಕೂಡ ಹೀಗೆ ಮಲದ ನೈಟ್ರೇಟಿನ ವೇಷ ಧರಿಸಬಹುದು. ಅದೃಷ್ಟವಶಾತ್ ಈ ಕ್ರಿಯೆಯಲ್ಲಿ ಸಾರಜನಕ ಮತ್ತು ಆಮ್ಲಜನಕ ಎರಡರ ಮೌಲ್ಯವೂ ಜೊತೆಜೊತೆಗೆ ಏರುವುದರಿಂದ ಆ ವೇಷವನ್ನು ಗುರುತಿಸಲು ಸಾಧ್ಯ. ಉಜನಿಯಂಥ ಜಲಾಶಯದ ಕೆಳಗಿನ ನೀರನ್ನು ಪರೀಕ್ಷಿಸುವಾಗ ಎರಡನೆಯ ಸಾಕ್ಷಿ ಅನಿವಾರ್ಯವಾಗುವುದು ಇದಕ್ಕಾಗಿಯೇ.

ಪುಣೆಯಲ್ಲಿ ನೀರಿನ ಅಧ್ಯಯನಕ್ಕೆ ಪರಂಪರೆಯ ಕೊರತೆಯಿಲ್ಲ. 1916ರಲ್ಲಿ ಆರಂಭವಾಗಿ ಖಡಕವಾಸಲಾದಲ್ಲಿ ಬೆಳೆದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನ ಕೇಂದ್ರ ಅಣೆಕಟ್ಟುಗಳ ಸೋರಿಕೆಯ ಪತ್ತೆಗೆ ಸಮಸ್ಥಾನಿಗಳನ್ನು ಬಳಸಿದೆ. 1962ರಲ್ಲಿ ಸ್ಥಾಪಿತವಾದ ಉಷ್ಣವಲಯದ ಹವಾಮಾನ ವಿಜ್ಞಾನ ಸಂಸ್ಥೆ ಮುಂಗಾರು ಮಳೆಯ ಆಮ್ಲಜನಕ ಸಮಸ್ಥಾನಿಗಳನ್ನು ಅಧ್ಯಯನ ಮಾಡಿದೆ. ನೈಟ್ರೇಟಿನ ಆಮ್ಲಜನಕವನ್ನು ಅರ್ಥೈಸಲು ಸ್ಥಳೀಯ ನೀರಿನ ಆಮ್ಲಜನಕ ತಿಳಿದಿರಬೇಕಾದುದರಿಂದ ಮಳೆಯ ಈ ಅಧ್ಯಯನವೂ ನಮ್ಮ ವಿಷಯಕ್ಕೆ ಅಡಿಪಾಯವೇ.

6

ಮೂಲಶೋಧದ ವಿಷಯದಲ್ಲಿ ಪುಣೆ ಮತ್ತು ಕರ್ನಾಟಕ ಎರಡಕ್ಕೂ ಸಂಬಂಧಿಸಿದ ಇನ್ನೊಂದು ಪ್ರಕರಣ ಇಲ್ಲಿ ದಾರಿ ತೋರಿಸುತ್ತದೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಗಳಲ್ಲಿ ಬೃಹತ್ತಾದ ಬೂದಿದಿಬ್ಬಗಳಿವೆ. ಅವು ರಾಕ್ಷಸರ ಚಿತೆಯ ಬೂದಿಯೆಂದು ಜನ ನಂಬಿದ್ದರು. ವಿಜಯನಗರ ಕಾಲದ ಸಾಮೂಹಿಕ ದಹನದ ಅವಶೇಷಗಳೆಂದು ರಾಬರ್ಟ್ ಸೂಯಲ್ ಊಹಿಸಿದನು. ರಾಬರ್ಟ್ ಬ್ರೂಸ್ ಫೂಟ್ ಅವುಗಳನ್ನು ನವಶಿಲಾಯುಗದ ದನಗಾಹಿಗಳ ಸಗಣಿಯ ಬೂದಿಯೆಂದು ಗುರುತಿಸಿದನು. 1960ರಲ್ಲಿ ಎಫ್. ಇ. ಝೋಯ್ನರ್ ಕುಡತಿನಿಯ ಬೂದಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಅದು ಸಗಣಿಯೇ ಎಂದು ದೃಢಪಡಿಸಿದನು.

ಆದರೆ ಸಗಣಿ ಅಲ್ಲಿ ಏಕೆ, ಹೇಗೆ ಸೇರಿತು ಎಂಬುದನ್ನು ಆ ಪರೀಕ್ಷೆ ಹೇಳಲಿಲ್ಲ. ಅದಕ್ಕೆ ಉತ್ಖನನ ಬೇಕಾಯಿತು. ಇಂದಿನ ತೆಲಂಗಾಣದ ಉಟ್ನೂರಿನಲ್ಲಿ 1957ರಲ್ಲಿ ಅಗೆದ ಎಫ್. ಆರ್. ಆಲ್ಚಿನ್ ಅವರಿಗೆ ಬೂದಿಯ ನಡುವೆ ದೊಡ್ಡಿಯ ಕಂಬಗುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತಿದ್ದವು. 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ನಡೆಸಿದ ವಿಸ್ತಾರವಾದ ಉತ್ಖನನ, ದಿಬ್ಬದ ಪಕ್ಕದಲ್ಲಿ ಜನವಸತಿಯೂ ಇದ್ದುದನ್ನು ಬೆಳಕಿಗೆ ತಂದಿತು. ಪ್ರಯೋಗಾಲಯ ವಸ್ತುವನ್ನು ಗುರುತಿಸಿತು; ನೆಲ ಅದರ ಚರಿತ್ರೆಯನ್ನು ಹೇಳಿತು. ಎರಡೂ ಸೇರಿದಾಗಲೇ ಪ್ರಶ್ನೆ ಬಗೆಹರಿಯಿತು.

ಬಾವಿಯ ನೈಟ್ರೇಟಿನ ವಿಷಯದಲ್ಲಿಯೂ ಇದೇ ಕ್ರಮ ಸಾಧುವೆಂದು ತೋರುತ್ತದೆ. ಒಂದು ಊರಿನ ಬಾವಿಯಲ್ಲಿ ಭಾರದ ಸಾರಜನಕ ಕಂಡುಬಂದರೆ ಅದು ಇಂದಿನ ಶೌಚಗುಂಡಿಯದಿರಬಹುದು, ಇಂದಿನ ಕೊಟ್ಟಿಗೆಯದಿರಬಹುದು, ಹಾಳೂರಿನ ದಿಬ್ಬದಿಂದ ತಂದು ಹರಡಿದ ಮಣ್ಣಿನದೂ ಇರಬಹುದು. ಮೂರಕ್ಕೂ ಪ್ರಯೋಗಾಲಯದ ಅಂಕಿ ಒಂದೇ ಆಗಿರಬಹುದು. ಆದರೆ ಮೊದಲನೆಯದಕ್ಕೆ ಪಂಚಾಯತಿ ಹೊಣೆ, ಎರಡನೆಯದಕ್ಕೆ ಮನೆಯವರು ಹೊಣೆ, ಮೂರನೆಯದಕ್ಕೆ ಇಂದಿನವರಾರೂ ಹೊಣೆಯಲ್ಲ. ಇವುಗಳನ್ನು ಬೇರ್ಪಡಿಸಬೇಕಾದರೆ ಹಳೆಯ ಗಾವಠಾಣದ ನಕ್ಷೆ, ಕಂದಾಯದ ಕಡತ, ಸವಳು ಉಪ್ಪು ಪಾಂಢರಿ ಮೊದಲಾದ ಪದಗಳನ್ನು ಒಳಗೊಂಡ ಹೊಲದ ಹೆಸರುಗಳು, ಉಪ್ಪು ತೆಗೆಯುತ್ತಿದ್ದ ಕುಟುಂಬಗಳ ನೆನಪು, ಇವು ಸಾಕ್ಷ್ಯಗಳಾಗುತ್ತವೆ. ಭೀಮಾ ತೀರದ ಇಂಥ ಸಾಮಗ್ರಿ ಕನ್ನಡ, ಮರಾಠಿ, ಪಾರಸಿ ಭಾಷೆಗಳಲ್ಲಿ ಹಂಚಿಹೋಗಿದೆ. ಮೋಡಿ ಲಿಪಿಯ ದಫ್ತರನ್ನೂ ಕನ್ನಡದ ಕೈಫಿಯತ್ತನ್ನೂ ಒಟ್ಟಿಗೆ ಓದಬಲ್ಲವರು ಹೊರನಾಡಿನ ಸಂಶೋಧಕರಲ್ಲಿಯೇ ಹೆಚ್ಚು.

ನೀರಿನ ಮಾದರಿ ತೆಗೆಯುವವರು ಬಾವಿಯ ಅಕ್ಷಾಂಶ ರೇಖಾಂಶಗಳನ್ನು ಬರೆದುಕೊಳ್ಳುತ್ತಾರೆ. ಅದರ ಜೊತೆಗೆ ಆ ಬಾವಿ ಯಾವ ನೆಲದಲ್ಲಿದೆ, ಆ ನೆಲವನ್ನು ಊರವರು ಏನೆಂದು ಕರೆಯುತ್ತಾರೆ, ಅಲ್ಲಿ ಮೊದಲು ಏನಿತ್ತು ಎಂಬ ಮೂರು ಸಾಲುಗಳನ್ನು ಸೇರಿಸಿದರೆ ರೋಹಿತಮಾಪಕದ ಅಂಕಿಗೆ ಆಧಾರ ದೊರೆಯುತ್ತದೆ. ಪೆಟ್ಲುಪ್ಪಿನವರು ಮಣ್ಣನ್ನು ಕೆರೆಯುವ ಮೊದಲು ಕೇಳುತ್ತಿದ್ದ ಪ್ರಶ್ನೆಗಳೂ ಬಹುಶಃ ಇವೇ ಆಗಿದ್ದವು.